ಎಣ್ಣೆ ಡಬ್ಬಿಯಲ್ಲಿ ಬಂದದ್ದು, ಬಾಣಲೆಯಲ್ಲಿ ಹುಟ್ಟಿದ್ದು

ಅಡುಗೆ ಎಣ್ಣೆ, ಕ್ಯಾನ್ಸರ್ ಎಂಬ ಎರಡು ಪದ ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ಯಾವ ಎಣ್ಣೆ ಒಳ್ಳೆಯದು? ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಕ್ಯಾನ್ಸರ್ ತರಬಹುದಾದ ರಾಸಾಯನಿಕಗಳು ಎಣ್ಣೆಯಲ್ಲಿ, ಅದರಲ್ಲಿ ಕರಿದ ತಿಂಡಿಯಲ್ಲಿ ಹುಟ್ಟುವುದು ಎಲ್ಲಿ? ಹೊಲದ ಬೂಸ್ಟಿನಿಂದ ಬರುವುದಿದೆ, ಕಾಯಿ ಒಣಗಿಸುವ ಹೊಗೆಯಲ್ಲಿ ಸೇರಿಕೊಳ್ಳುವುದಿದೆ, ರಿಫೈನರಿಯ ಗೋಪುರದಲ್ಲಿ ಹುಟ್ಟುವುದಿದೆ, ಬಾಣಲೆಯಲ್ಲಿ ಕೊನೆಯ ಅರ್ಧ ನಿಮಿಷದಲ್ಲಿ ಹುಟ್ಟುವುದೂ ಇದೆ. ರಿಫೈನರಿಯಲ್ಲಿ ಹುಟ್ಟಿದ್ದನ್ನು ಅಡುಗೆಮನೆಯಲ್ಲಿ ತೆಗೆಯಲು ಬರುವುದಿಲ್ಲ. ಬಾಣಲೆಯಲ್ಲಿ ಹುಟ್ಟುವುದನ್ನು ದುಬಾರಿ ಎಣ್ಣೆ ಕೊಂಡು ತಪ್ಪಿಸಲೂ ಆಗುವುದಿಲ್ಲ. ಇವೆರಡನ್ನು ಕಲಸಿಕೊಂಡವರ ದುಡ್ಡೂ ಹೋಗುತ್ತದೆ, ಹೆದರಿಕೆಯೂ ಹಾಗೇ ಉಳಿಯುತ್ತದೆ.

ಮೊದಲು ಗುಂಪುಗಳ ಗೊಂದಲ ಬಗೆಹರಿಸಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, ವಸ್ತುಗಳನ್ನು ಗುಂಪು ಮಾಡಿ ಇಡುತ್ತದೆ. 1ನೇ ಗುಂಪು ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ. 2ಎ ಎಂದರೆ ಬಹುಮಟ್ಟಿಗೆ ಹೌದು. 2ಬಿ ಎಂದರೆ ಇದ್ದರೂ ಇರಬಹುದು. ಈ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು; ವಿಷ ಎಷ್ಟು ಜೋರು ಎಂಬುದನ್ನಲ್ಲ. ತಂಬಾಕಿನ ಹೊಗೆಯೂ ಸಂಸ್ಕರಿಸಿದ ಮಾಂಸವೂ 1ನೇ ಗುಂಪಿನಲ್ಲೇ ಇವೆ, ಹಾಗೆಂದು ಎರಡರ ಅಪಾಯ ಒಂದೇ ತೂಕದ್ದಲ್ಲ. "ಐಎಆರ್‌ಸಿ ಪಟ್ಟಿಯಲ್ಲಿದೆ" ಎಂಬ ಒಂದೇ ಸಾಲಿನ ಮೇಲೆ ಕಟ್ಟಿದ ಲೇಖನಗಳನ್ನು ಅಲ್ಲಿಗೇ ಓದುವುದು ನಿಲ್ಲಿಸಬಹುದು. ಎಷ್ಟು ಪ್ರಮಾಣ, ಎಷ್ಟು ದಿನ, ಯಾರ ಹೊಟ್ಟೆಗೆ ಎಂಬ ಮೂರು ಸಂಗತಿ ಇಲ್ಲದೆ ಆ ಮಾತಿಗೆ ಅರ್ಥವಿಲ್ಲ.

ಕರಿದ ತಿಂಡಿಯ ಕೊನೆಯ ಅರ್ಧ ನಿಮಿಷ

ಕರಿದ, ಹುರಿದ ತಿಂಡಿಗಳಲ್ಲಿ ಹುಟ್ಟುವ ಒಂದು ರಾಸಾಯನಿಕ ಅಕ್ರಿಲಮೈಡ್. ಅದು ಆಹಾರದಲ್ಲಿದೆ ಎಂದು ಗೊತ್ತಾದದ್ದು ಒಂದು ಸುರಂಗದಿಂದ. 1997ರಲ್ಲಿ ದಕ್ಷಿಣ ಸ್ವೀಡನ್ನಿನ ಹಾಲಂಡ್ಸೋಸ್ ಎಂಬಲ್ಲಿ ರೈಲು ಸುರಂಗ ಕೊರೆಯುವಾಗ ನೀರು ಸೋರದಂತೆ ಬಿರುಕಿಗೆ ತುಂಬಿದ್ದ ಗಾರೆಯಂಥ ಅಂಟಿನಲ್ಲಿ ಅಕ್ರಿಲಮೈಡ್ ಇತ್ತು. ಅದು ಹಳ್ಳಕ್ಕೆ ಸೇರಿ ಮೀನು ಸತ್ತವು, ಆ ನೀರು ಕುಡಿದ ಹಸುಗಳಿಗೆ ಕಾಲು ನಿಲ್ಲಲಿಲ್ಲ. ಕೆಲಸಗಾರರ ರಕ್ತ ಪರೀಕ್ಷೆ ಮಾಡುವಾಗ ಹೋಲಿಕೆಗೆಂದು ಸುರಂಗಕ್ಕೂ ತಮಗೂ ಸಂಬಂಧವೇ ಇಲ್ಲದವರ ರಕ್ತವನ್ನೂ ತೆಗೆದರು. ಅವರ ಹಿಮೋಗ್ಲೋಬಿನ್‌ಗೂ ಅಕ್ರಿಲಮೈಡ್ ಅಂಟಿಕೊಂಡಿತ್ತು. ಇದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವರು ಕೊನೆಗೆ ಮುಟ್ಟಿದ್ದು ಒಲೆಯನ್ನು. 2002ರ ಏಪ್ರಿಲ್‌ನಲ್ಲಿ ಸ್ವೀಡನ್ ಅದನ್ನು ಜಗತ್ತಿಗೆ ತಿಳಿಸಿತು. ಐಎಆರ್‌ಸಿ ಅದನ್ನು 2ಎ ಗುಂಪಿಗೆ ಸೇರಿಸಿದ್ದು ಅದಕ್ಕೂ ಮೊದಲು, 1994ರಲ್ಲಿ. ಆಗ ಅದು ಕಾರ್ಖಾನೆಯ ರಾಸಾಯನಿಕ ಅಷ್ಟೇ.

ಇದಕ್ಕೆ ಬೇಕಾದ ಸಾಮಾನು ಎರಡೇ. ಆಸ್ಪರಜೀನ್ ಎಂಬ ಅಮೈನೋ ಆಮ್ಲ, ಮತ್ತು ಗ್ಲೂಕೋಸ್ ಅಥವಾ ಫ್ರಕ್ಟೋಸ್‌ನಂಥ ಸಕ್ಕರೆ. ಎರಡೂ ಆಲೂಗಡ್ಡೆಯಲ್ಲಿ, ಗೋಧಿಯಲ್ಲಿ, ಕಾಫಿ ಬೀಜದಲ್ಲಿ ಮೊದಲೇ ಇವೆ. ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಬೇಕು, ನೀರಿನಂಶ ಹೋಗಿರಬೇಕು. ರೊಟ್ಟಿಗೆ ಬಣ್ಣ, ಹುರಿದದ್ದಕ್ಕೆ ಪರಿಮಳ ಕೊಡುವ ಮೇಯಾರ್ ಕ್ರಿಯೆಯ ಒಂದು ಕವಲೇ ಇದು. ಆದ್ದರಿಂದಲೇ ರುಚಿಯನ್ನು ಉಳಿಸಿಕೊಂಡು ಇದನ್ನು ಪೂರ್ತಿ ಇಲ್ಲವಾಗಿಸಲು ಬರುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೇ. ಬೇಯಿಸಿದ ಆಲೂಗಡ್ಡೆಯಲ್ಲಿ ಸಮಸ್ಯೆಯೇ ಇಲ್ಲ, ಯಾಕೆಂದರೆ ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ.

ಬಾಣಲೆಯೊಳಗೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿ. ಆಲೂಗಡ್ಡೆ ಚೂರು 175 ಡಿಗ್ರಿ ಎಣ್ಣೆಗೆ ಬಿದ್ದ ಕೂಡಲೇ ದಪ್ಪ ದಪ್ಪ ಗುಳ್ಳೆ ಏಳುತ್ತವೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಚೂರಿನೊಳಗಿನ ನೀರು. ಮೈಯಿಂದ ಆವಿ ಹೊರಡುತ್ತಿರುವಷ್ಟು ಹೊತ್ತು ಆ ಮೈ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಸುತ್ತಲಿನ ಎಣ್ಣೆ ಎಷ್ಟೇ ಬಿಸಿಯಿರಲಿ. ಆಮೇಲೆ ಗುಳ್ಳೆ ಸಣ್ಣದಾಗುತ್ತವೆ, ಚಟಪಟ ಸದ್ದು ಇಳಿಯುತ್ತದೆ. ಮೈ ಒಣಗಿತು ಎಂದರ್ಥ. ಅಲ್ಲಿಂದ ಮುಂದೆ ಶಾಖ ತಡೆಯುವವರಿಲ್ಲ. ಮೇಲ್ಪದರ 120, 140 ಎಂದು ಏರುತ್ತಾ ಹೋಗುತ್ತದೆ. ಅಕ್ರಿಲಮೈಡಿನ ಬಹುಪಾಲು ಹುಟ್ಟುವುದು ಆಗ. ಹೊಂಬಣ್ಣಕ್ಕೂ ಕಂದು ಬಣ್ಣಕ್ಕೂ ನಡುವೆ ಕೆಲವೇ ಸೆಕೆಂಡ್ ಇರುತ್ತದೆ, ಅಕ್ರಿಲಮೈಡ್ ಮಾತ್ರ ಆ ಹೊತ್ತಿನಲ್ಲಿ ಎಷ್ಟೋ ಪಟ್ಟು ಏರಿರುತ್ತದೆ. ತೆಳ್ಳಗಿನ ಚಿಪ್ಸ್ ದಪ್ಪ ಚೂರಿಗಿಂತ ಕೆಟ್ಟದ್ದು ಯಾಕೆ ಎಂಬುದಕ್ಕೂ ಇದೇ ಉತ್ತರ: ಚಿಪ್ಸ್ ಎಂದರೆ ಎಲ್ಲವೂ ಮೇಲ್ಪದರ. ಯುರೋಪ್ ಒಕ್ಕೂಟ 2017ರ ನಿಯಮದಲ್ಲಿ ಇಟ್ಟ ಗುರಿಮಟ್ಟ ನೋಡಿದರೂ ತಿಳಿಯುತ್ತದೆ. ಫ್ರೆಂಚ್ ಫ್ರೈಸ್‌ಗೆ ಕಿಲೋಗೆ 500 ಮೈಕ್ರೋಗ್ರಾಂ, ಚಿಪ್ಸ್‌ಗೆ 750, ಮೃದುವಾದ ಗೋಧಿ ಬ್ರೆಡ್ಡಿಗೆ ಬರೇ 50.

ಹಾಗಾದರೆ ಮಾಡಬೇಕಾದದ್ದೇನು? ಹೆಚ್ಚಿದ ಆಲೂಗಡ್ಡೆಯನ್ನು 15ರಿಂದ 30 ನಿಮಿಷ ತಣ್ಣೀರಿನಲ್ಲಿ ನೆನೆಸಿ. ಹೆಚ್ಚುವಾಗ ಒಡೆದ ಕೋಶಗಳ ಸಕ್ಕರೆಯೂ ಆಸ್ಪರಜೀನೂ ನೀರಿಗೆ ಇಳಿಯುತ್ತವೆ. ಆ ನೀರು ಚೆಲ್ಲಿ, ಇನ್ನೊಂದು ಸಲ ತೊಳೆಯಿರಿ. ಇನ್ನೂ ಚೆನ್ನಾಗಿ ಆಗಬೇಕೆಂದರೆ 70-80 ಡಿಗ್ರಿ ಬಿಸಿನೀರಿನಲ್ಲಿ ಕೆಲವು ನಿಮಿಷ ಇಟ್ಟು ಬಸಿಯಿರಿ; ಬಿಸಿನೀರು ತಣ್ಣೀರಿಗಿಂತ ಹೆಚ್ಚು ಸಕ್ಕರೆ ಎಳೆಯುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ, ಮೈಯ ತೇವ ಹೋಗುವಂತೆ ಒರೆಸಿ. ಈ ಕೊನೆಯ ಕೆಲಸವನ್ನು ಬಿಡುವವರೇ ಹೆಚ್ಚು. ಒದ್ದೆ ಚೂರು ಎಣ್ಣೆಯನ್ನು ಸಿಡಿಸುತ್ತದೆ, ತಣಿಸುತ್ತದೆ, ಜೊತೆಗೆ ಎಣ್ಣೆಯ ಕೊಬ್ಬನ್ನು ಒಡೆದು ಕೊಬ್ಬಿನಾಮ್ಲ ಬಿಡಿಸುತ್ತದೆ.

ಎಣ್ಣೆ 175 ಡಿಗ್ರಿ ದಾಟಬಾರದು. ಅಡುಗೆ ಥರ್ಮಾಮೀಟರ್ ಇಲ್ಲದೆ ಇದನ್ನು ಅಂದಾಜು ಮಾಡುವುದು ಕಷ್ಟ. "ಎಣ್ಣೆ ಕಾದಿದೆ" ಎಂದು ನಾವು ಕಣ್ಣಳತೆಯಲ್ಲಿ ಹೇಳುವ ಹದ 160 ಇರಬಹುದು, 200 ಕೂಡ ಇರಬಹುದು. ಒಂದು ಲೀಟರ್ ಎಣ್ಣೆಗೆ ಒಮ್ಮೆಗೆ 100 ಗ್ರಾಂ ಚೂರು ಸಾಕು. ಅದಕ್ಕಿಂತ ಹೆಚ್ಚು ಸುರಿದರೆ ಎಣ್ಣೆ ಒಮ್ಮೆಲೇ ತಣಿಯುತ್ತದೆ, ಚೂರು ಎಣ್ಣೆ ಕುಡಿದು ಮೆತ್ತಗಾಗುತ್ತದೆ, ತಡವಾಯಿತೆಂದು ಉರಿ ಜೋರು ಮಾಡುತ್ತೇವೆ. ಆ ಜೋರು ಉರಿಯ ಶಾಖ ಎಣ್ಣೆಗೆ ಏರುವುದು ಸರಿಯಾಗಿ ಚೂರು ಒಣಗುವ ಹೊತ್ತಿಗೆ, ಅಂದರೆ ಏರಲೇಬಾರದ ಹೊತ್ತಿಗೆ. ಮಾಡಬೇಕಾದದ್ದು ಇದಕ್ಕೆ ತಿರುಗುಮುರುಗು: ಮೊದಲು ಬಿಸಿ, ಗುಳ್ಳೆ ಸಣ್ಣದಾಗತೊಡಗಿದ ಮೇಲೆ ಉರಿ ತಗ್ಗಿಸಿ. ಸದ್ದು ಪೂರ್ತಿ ಅಡಗುವ ಮೊದಲೇ, ಹೊಂಬಣ್ಣದಲ್ಲಿ ತೆಗೆಯಿರಿ. ಬಾಣಲೆಯಿಂದ ಹೊರಬಂದ ಮೇಲೂ ಒಳಶಾಖಕ್ಕೆ ಬಣ್ಣ ಒಂದು ಛಾಯೆ ಏರುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಡಬಾರದು ಎಂಬ ಮಾತು ಬಹಳ ಕೇಳಿರುತ್ತೀರಿ. ಅದರ ಹಿಂದಿನ ವಿಜ್ಞಾನ ಸರಿಯೇ. ಸುಮಾರು 6 ಡಿಗ್ರಿಗಿಂತ ಕೆಳಗೆ ಗಡ್ಡೆಯ ಪಿಷ್ಟ ಸಕ್ಕರೆಯಾಗತೊಡಗುತ್ತದೆ, ಆ ಸಕ್ಕರೆ ಕರಿಯುವಾಗ ಬೇಗ ಕಂದುತ್ತದೆ. ತಿಂಗಳುಗಟ್ಟಲೆ ಗೋದಾಮಿನಲ್ಲಿಡುವ ಚಿಪ್ಸ್ ಕಾರ್ಖಾನೆಗೆ ಇದು ದೊಡ್ಡ ವಿಷಯ. ಮನೆಯ ಫ್ರಿಜ್ಜಿನಲ್ಲಿ ಕೆಲವು ದಿನ ಇಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲವೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2023ರಲ್ಲಿ ತನ್ನ ಹಳೆಯ ಸಲಹೆಯನ್ನು ಬದಲಿಸಿತು. ಕರಿಯಲೆಂದೇ ತಂದಿದ್ದರೆ ಹೊರಗೆ, ಕತ್ತಲಲ್ಲಿ, ಗಾಳಿಯಾಡುವ ಕಡೆ ಇಡಿ. ಬೇಯಿಸಲಿಕ್ಕಾದರೆ ತಲೆಕೆಡಿಸಿಕೊಳ್ಳಬೇಡಿ. ಎರಡು ಚೂರು ಕರಿದು ನೋಡಿದಾಗ ಒಳಗೆ ಬೇಯುವ ಮೊದಲೇ ಅಂಚು ಕಂದಿದರೆ ಆ ಗಡ್ಡೆಯಲ್ಲಿ ಸಕ್ಕರೆ ಹೆಚ್ಚಿದೆ. ಅದನ್ನು ಕರಿಯದೆ ಬೇಯಿಸಿಬಿಡಿ.

ಎಣ್ಣೆಯೇ ಇಲ್ಲದ ಏರ್ ಫ್ರೈಯರಿನಲ್ಲಿ ಅಕ್ರಿಲಮೈಡ್ ಇರದು ಎಂದು ತಿಳಿದವರಿದ್ದಾರೆ. ಈ ಕ್ರಿಯೆಗೆ ಎಣ್ಣೆ ಬೇಕೇ ಇಲ್ಲ, ಒಣ ಶಾಖ ಬೇಕು. 200 ಡಿಗ್ರಿ ಗಾಳಿಯೂ ಒಣ ಶಾಖವೇ. ಇನ್ನೊಂದು ತಪ್ಪು ತಿಳಿವಳಿಕೆ, ಕರಿದ ಎಣ್ಣೆಯಲ್ಲಿ ಅಕ್ರಿಲಮೈಡ್ ಶೇಖರವಾಗುತ್ತದೆ ಎಂಬುದು. ಅದು ನೀರಿನಲ್ಲಿ ಕರಗುವ ವಸ್ತು, ಎಣ್ಣೆಗೆ ಇಳಿಯುವುದು ಬಹಳ ಕಡಿಮೆ. ಅದು ಉಳಿಯುವುದು ತಿಂಡಿಯಲ್ಲಿ, ಮತ್ತು ತಳದಲ್ಲಿ ಕರಕಲಾಗಿ ಕೂತ ಪುಡಿಯಲ್ಲಿ. ಹಳೆಯ ಎಣ್ಣೆಯ ದೋಷ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಬ್ರೆಡ್ ಮಾಡುವವರಿಗೆ ಒಂದು ಸುಲಭದ ದಾರಿ ಇದೆ. ಯೀಸ್ಟಿಗೆ ಆಸ್ಪರಜೀನ್ ಇಷ್ಟದ ಆಹಾರ. ಹಿಟ್ಟು ಹೆಚ್ಚು ಹೊತ್ತು ಹುದುಗಿದಷ್ಟೂ ಅದು ಕರಗುತ್ತಾ ಹೋಗುತ್ತದೆ. ಬಿಸ್ಕತ್ತಿಗೆ ಅಮೋನಿಯಂ ಬೈಕಾರ್ಬೊನೇಟ್ ಹಾಕಿ ಉಬ್ಬಿಸುವ ರೂಢಿಯಿದೆ, ಅದು ಅಕ್ರಿಲಮೈಡನ್ನು ಎದ್ದು ಕಾಣುವಷ್ಟು ಹೆಚ್ಚಿಸುತ್ತದೆ. ಬದಲಿಗೆ ಅಡುಗೆ ಸೋಡಾ ಹಾಕಿದರೆ ಇಳಿಯುತ್ತದೆ. ಟೋಸ್ಟ್ ಹೊಂಬಣ್ಣಕ್ಕೆ ನಿಲ್ಲಲಿ. ಕಾಫಿ ಇಲ್ಲಿ ವಿಚಿತ್ರ: ಹುರಿಯುವಾಗ ಮೊದಲ ಹಂತದಲ್ಲೇ ಅಕ್ರಿಲಮೈಡ್ ಹುಟ್ಟಿ, ಇನ್ನೂ ಹುರಿದಂತೆ ಒಡೆದು ಕಡಿಮೆಯಾಗುತ್ತದೆ. ಹಾಗಾಗಿ ತಿಳಿ ಹುರಿತಕ್ಕಿಂತ ಗಾಢ ಹುರಿತದಲ್ಲೇ ಕಮ್ಮಿ. ಇಷ್ಟಾಗಿಯೂ ಕಾಫಿ ಕುಡಿಯುವುದರಿಂದ ಕ್ಯಾನ್ಸರ್ ಬರುತ್ತದೆನ್ನಲು ಸಾಕ್ಷ್ಯ ಸಾಲದೆಂದು ಐಎಆರ್‌ಸಿ 2016ರಲ್ಲಿ ಅದನ್ನು 2ಬಿಯಿಂದ 3ನೇ ಗುಂಪಿಗೆ ಇಳಿಸಿತು. ಒಂದು ವಸ್ತು ಆಹಾರದಲ್ಲಿದೆ ಎಂಬುದಕ್ಕೂ ಆ ಆಹಾರ ರೋಗ ತರುತ್ತದೆ ಎಂಬುದಕ್ಕೂ ಅಂತರವಿದೆ.

ಹಾಗೆಂದು ಅಕ್ರಿಲಮೈಡನ್ನು ಹಗುರಾಗಿ ತಳ್ಳಿಹಾಕಲಾಗದು. ಯಕೃತ್ತಿನಲ್ಲಿ ಅದು ಗ್ಲೈಸಿಡಮೈಡ್ ಆಗುತ್ತದೆ, ಅದು ಡಿಎನ್‌ಎಗೆ ಅಂಟುತ್ತದೆ. ಇಂಥ ವಸ್ತುವಿಗೆ "ಇಷ್ಟರವರೆಗೆ ಸುರಕ್ಷಿತ" ಎಂಬ ಗೆರೆ ಎಳೆಯುವುದಿಲ್ಲ. ಬದಲಿಗೆ ಪ್ರಾಣಿಗಳಲ್ಲಿ ಪರಿಣಾಮ ಕಾಣತೊಡಗುವ ಪ್ರಮಾಣಕ್ಕೂ ನಾವು ತಿನ್ನುವ ಪ್ರಮಾಣಕ್ಕೂ ಎಷ್ಟು ಅಂತರ ಎಂದು ಅಳೆಯುತ್ತಾರೆ. 10,000 ಪಟ್ಟು ಇದ್ದರೆ ನಿಶ್ಚಿಂತೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಲೆಕ್ಕ ಹಾಕಿದಾಗ ಸಾಮಾನ್ಯ ವಯಸ್ಕರಿಗೆ ಅಂತರ ಸಿಕ್ಕಿದ್ದು ಸುಮಾರು 425 ಪಟ್ಟು. ಜನರ ಮೇಲಿನ ಅಧ್ಯಯನಗಳ ಫಲ ಮಾತ್ರ ಈವರೆಗೆ ಒಂದೇ ದಿಕ್ಕು ತೋರಿಸಿಲ್ಲ.

ಡಬ್ಬಿಯೊಳಗೇ ಬರುವವು

ಇನ್ನು ಅಡುಗೆಯವರ ಕೈ ಮೀರಿದ ಭಾಗ. ರಿಫೈನ್ಡ್ ಎಣ್ಣೆಯಲ್ಲಿ ಇರುವ ಎರಡು ಹೆಸರು ನೆನಪಿಟ್ಟುಕೊಳ್ಳಬೇಕು: 3-ಎಂಸಿಪಿಡಿ ಎಸ್ಟರ್ ಮತ್ತು ಗ್ಲೈಸಿಡಿಲ್ ಎಸ್ಟರ್. ಹೊಟ್ಟೆಗೆ ಹೋದ ಮೇಲೆ ಜೀರ್ಣರಸ ಇವನ್ನು ಕತ್ತರಿಸಿ 3-ಎಂಸಿಪಿಡಿಯನ್ನೂ ಗ್ಲೈಸಿಡಾಲನ್ನೂ ಬಿಡಿಸುತ್ತದೆ. ಮೊದಲನೆಯದು 2ಬಿ, ಇಲಿಗಳಲ್ಲಿ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಎರಡನೆಯದು 2ಎ, ನೇರವಾಗಿ ಡಿಎನ್‌ಎ ಮೇಲೆ ಎರಗುವಂಥದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ, ಆದರೆ ಅವು ಹುಟ್ಟುವ ದಾರಿ ಬೇರೆ, ತಡೆಯುವ ದಾರಿಯೂ ಬೇರೆ.

ಹಿಂಡಿದ ಎಣ್ಣೆಗೆ ರಿಫೈನರಿಯಲ್ಲಿ ಸಾಲಾಗಿ ಕೆಲವು ಉಪಚಾರ ನಡೆಯುತ್ತವೆ. ಅಂಟು ತೆಗೆಯುವುದು, ಕೊಬ್ಬಿನಾಮ್ಲ ತೆಗೆಯುವುದು, ಬ್ಲೀಚಿಂಗ್ ಮಣ್ಣಿನಲ್ಲಿ ಬಣ್ಣ ಹೀರಿಸುವುದು. ಕೊನೆಯದು ವಾಸನೆ ತೆಗೆಯುವ ಡಿಯೋಡರೈಸರ್ ಗೋಪುರ. ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ಹೀರಿದ ಆ ಗೋಪುರದಲ್ಲಿ ಎಣ್ಣೆಯನ್ನು 200ರಿಂದ 270 ಡಿಗ್ರಿಗೆ ಕಾಯಿಸಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಕಮಟು ವಾಸನೆ, ಉಳಿದ ಕೊಬ್ಬಿನಾಮ್ಲ, ಕೀಟನಾಶಕದ ಶೇಷ ಎಲ್ಲವೂ ಹಬೆಯ ಜೊತೆ ಹೋಗುತ್ತವೆ. ಆ ಎರಡು ಎಸ್ಟರ್ ಹುಟ್ಟುವುದೂ ಅದೇ ಗೋಪುರದಲ್ಲಿ.

ಗ್ಲೈಸಿಡಿಲ್ ಎಸ್ಟರಿಗೆ ಬೇಕಾದದ್ದು ಡೈಗ್ಲಿಸರೈಡ್, ಅಂದರೆ ಮೂರು ಕೊಬ್ಬಿನಾಮ್ಲದಲ್ಲಿ ಒಂದು ಕಳಚಿಹೋದ ಎಣ್ಣೆಯ ಅಣು, ಮತ್ತು ಅತಿ ಶಾಖ. 230 ಡಿಗ್ರಿ ದಾಟಿದ ಮೇಲೆ ಅದು ಬಿರುಸಾಗಿ ಏರುತ್ತದೆ. ತಾಳೆಹಣ್ಣು ಕೊಯ್ಯುವಾಗ, ಸಾಗಿಸುವಾಗ ಜಜ್ಜಿದರೆ ಅದರೊಳಗಿನ ಲೈಪೇಸ್ ಕಿಣ್ವ ಕೂಡಲೇ ಎಣ್ಣೆಯನ್ನು ಒಡೆಯತೊಡಗುತ್ತದೆ, ಡೈಗ್ಲಿಸರೈಡ್ ಹೆಚ್ಚುತ್ತದೆ. ತಾಳೆ ಎಣ್ಣೆಯಲ್ಲಿ ಅದು ಶೇಕಡಾ 4ರಿಂದ 12ರವರೆಗೂ ಇರುವುದುಂಟು, ಬೀಜದ ಎಣ್ಣೆಗಳಲ್ಲಿ ಬಹಳ ಕಡಿಮೆ. 3-ಎಂಸಿಪಿಡಿಗೆ ಇನ್ನೊಂದು ಸಾಮಾನು ಬೇಕು: ಕ್ಲೋರಿನ್. ಮಣ್ಣಿನಿಂದ, ಪೊಟ್ಯಾಸಿಯಂ ಕ್ಲೋರೈಡ್‌ನಂಥ ಗೊಬ್ಬರದಿಂದ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಬ್ಲೀಚಿಂಗ್ ಮಣ್ಣಿನಿಂದ ಅದು ಬರುತ್ತದೆ. ಇದು 200 ಡಿಗ್ರಿಗಿಂತ ಕೆಳಗೇ ಹುಟ್ಟತೊಡಗುವುದರಿಂದ ಗೋಪುರದ ಶಾಖ ತಗ್ಗಿಸಿದರೆ ಗ್ಲೈಸಿಡಿಲ್ ಎಸ್ಟರ್ ಇಳಿಯುತ್ತದೆ, 3-ಎಂಸಿಪಿಡಿ ಅಷ್ಟಾಗಿ ಇಳಿಯುವುದಿಲ್ಲ. ಅದನ್ನು ತಡೆಯಬೇಕಾದದ್ದು ಗೋಪುರಕ್ಕೆ ಹೋಗುವ ಮೊದಲೇ, ಕಚ್ಚಾ ಎಣ್ಣೆಯನ್ನು ನೀರಿನಲ್ಲಿ ತೊಳೆದು ಕ್ಲೋರೈಡ್ ತೆಗೆಯುವುದರಿಂದ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಹಣ್ಣನ್ನು ಜಜ್ಜದೆ ಕೊಯ್ದು ಬೇಗ ಹಬೆಗೆ ಹಾಕಿ ಕಿಣ್ವ ಕೊಲ್ಲುವುದು, ಎಣ್ಣೆ ತೊಳೆಯುವುದು, ಆಮ್ಲವಿಲ್ಲದ ಬ್ಲೀಚಿಂಗ್ ಮಣ್ಣು ಬಳಸುವುದು, ಹೆಚ್ಚು ಶಾಖ ಸ್ವಲ್ಪ ಹೊತ್ತು ಮತ್ತು ಕಡಿಮೆ ಶಾಖ ಹೆಚ್ಚು ಹೊತ್ತು ಎಂದು ಎರಡು ಹಂತದಲ್ಲಿ ವಾಸನೆ ತೆಗೆಯುವುದು. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಹಾಕುವ ಕೋಡೆಕ್ಸ್ ಆಯೋಗ 2019ರಲ್ಲಿ ಇದನ್ನೆಲ್ಲ ಪದ್ಧತಿಯಾಗಿ ಬರೆದಿಟ್ಟಿದೆ. ನನ್ನ ಮಟ್ಟಿಗೆ ಇದು ರಸಾಯನಶಾಸ್ತ್ರದ ಕಷ್ಟವಲ್ಲ, ಖರ್ಚಿನ ಕಷ್ಟ: ನೀರು ಹೆಚ್ಚು, ಹೊತ್ತು ಹೆಚ್ಚು, ಒಂದಿಷ್ಟು ಎಣ್ಣೆಯೂ ನಷ್ಟ. ಯುರೋಪಿನ ಪ್ರಾಧಿಕಾರ 2016ರಲ್ಲಿ ವರದಿ ಕೊಟ್ಟಾಗ ತಾಳೆ ಎಣ್ಣೆಯಲ್ಲಿ ಗ್ಲೈಸಿಡಾಲ್ ಸರಾಸರಿ ಕಿಲೋಗೆ 3,955 ಮೈಕ್ರೋಗ್ರಾಂ ಇತ್ತು. 2018ರಲ್ಲಿ 1,000ದ ಮಿತಿ ಬಂತು. ಮಿತಿ ಬಂದ ಮೇಲೆ "ಆಗುವುದಿಲ್ಲ" ಎನ್ನುತ್ತಿದ್ದ ಕೆಲಸ ಆಗತೊಡಗಿತು.

3-ಎಂಸಿಪಿಡಿಯ ಲೆಕ್ಕವನ್ನು ನೀವೇ ಹಾಕಬಹುದು. ಯುರೋಪಿನ ಅದೇ ಪ್ರಾಧಿಕಾರದ 2018ರ ಪರಿಷ್ಕರಣೆಯ ಪ್ರಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 2 ಮೈಕ್ರೋಗ್ರಾಂ ಸಹ್ಯ. 60 ಕಿಲೋ ತೂಗುವವರಿಗೆ 120. ಯುರೋಪಿನಲ್ಲಿ 2021ರಿಂದ ಸೂರ್ಯಕಾಂತಿ, ಸೋಯಾ, ಮೆಕ್ಕೆಜೋಳ, ತೆಂಗಿನೆಣ್ಣೆ ಮುಂತಾದವಕ್ಕೆ ಮಿತಿ ಕಿಲೋಗೆ 1,250, ತಾಳೆ ಎಣ್ಣೆಯಂಥವಕ್ಕೆ 2,500. ಮಿತಿಯ ತುದಿಯಲ್ಲೇ ಇರುವ ಎಣ್ಣೆಯನ್ನು ದಿನಕ್ಕೆ 30 ಗ್ರಾಂ ತಿಂದರೆ ಮೊದಲನೆಯದರಿಂದ 37.5, ಎರಡನೆಯದರಿಂದ 75 ಮೈಕ್ರೋಗ್ರಾಂ. ವಯಸ್ಕರಿಗೆ ಜಾಗ ಉಳಿದಿದೆ. ಈಗ 5 ಕಿಲೋ ತೂಗುವ ಮಗುವನ್ನು ನೋಡಿ. ಅದಕ್ಕೆ ಸಹ್ಯವಾದದ್ದು ದಿನಕ್ಕೆ 10. ಎದೆಹಾಲು ಇಲ್ಲದೆ ಪುಡಿಹಾಲೊಂದನ್ನೇ ಕುಡಿಯುವ ಮಗು ದಿನಕ್ಕೆ ಸುಮಾರು 100 ಗ್ರಾಂ ಪುಡಿ ತೆಗೆದುಕೊಳ್ಳುತ್ತದೆ. ಪುಡಿಗೆ 2021ರಲ್ಲಿ ಇಟ್ಟ ಮಿತಿ ಕಿಲೋಗೆ 125. ಅಂದರೆ 12.5, ಗೆರೆ ದಾಟಿತು. ಆ ಮಿತಿಯನ್ನು ಆಮೇಲೆ ಇನ್ನೂ ಇಳಿಸಿದ್ದಕ್ಕೆ ಕಾರಣ ಹುಡುಕಬೇಕಿಲ್ಲ. ರಿಫೈನ್ಡ್ ಎಣ್ಣೆಯ ಬಗ್ಗೆ ಯಾರಾದರೂ ಚಿಂತಿಸಬೇಕಿದ್ದರೆ ಮೊದಲು ಆ ಮಕ್ಕಳ ಬಗ್ಗೆ, ದೊಡ್ಡವರ ಬಗ್ಗೆ ಆಮೇಲೆ.

ಮನೆಯಲ್ಲಿ ಎಣ್ಣೆ ಕಾಯಿಸುವುದರಿಂದ ಇವು ಹೆಚ್ಚಾಗುತ್ತವೆಯೇ? ಬಹುಮಟ್ಟಿಗೆ ಇಲ್ಲ. 230 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುವ ಕೆಲಸ ಬಾಣಲೆಯದ್ದಲ್ಲ. ಡಬ್ಬಿಯಲ್ಲಿ ಎಷ್ಟು ಬಂತೋ ಅಷ್ಟು.

ಗಾಣದ ಎಣ್ಣೆಗೆ ಈ ಗೋಪುರವೇ ಇಲ್ಲ, ಹಾಗಾಗಿ ಇವೆರಡೂ ಅದರಲ್ಲಿ ಇರುವುದಿಲ್ಲವೆಂದೇ ಹೇಳಬಹುದು. ಇಲ್ಲಿಗೆ ಗಾಣದ ಎಣ್ಣೆ ಗೆದ್ದಿತೆಂದು ತೀರ್ಮಾನಿಸುವವರು ಒಂದು ಮರೆಯುತ್ತಾರೆ: ಆ ಗೋಪುರವೂ ಬ್ಲೀಚಿಂಗ್ ಮಣ್ಣೂ ಕೆಲವು ಕೆಟ್ಟದ್ದನ್ನು ತೆಗೆಯುತ್ತಿದ್ದವು. ಬೂಸ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಅದು 1ನೇ ಗುಂಪಿನ ಯಕೃತ್ ಕ್ಯಾನ್ಸರ್‌ಕಾರಕ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು ಇದರ ಪತ್ತೆಯಾದದ್ದೇ ಕಡಲೆಕಾಯಿ ಹಿಂಡಿಯಿಂದ. ಹಿಂಡುವಾಗ ಬಹುಪಾಲು ಹಿಂಡಿಯಲ್ಲೇ ಉಳಿದರೂ ಒಂದಂಶ ಎಣ್ಣೆಗೂ ಗಸಿಗೂ ಬರುತ್ತದೆ. ಕ್ಷಾರದಲ್ಲಿ ತೊಳೆದು ಬ್ಲೀಚ್ ಮಾಡಿದರೆ ಅದು ಹೋಗುತ್ತದೆ. ಗಾಣದಲ್ಲಿ ಆ ಎರಡೂ ಇಲ್ಲ. ಗಾಣದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಗಾಣ ಮರದ್ದೋ ಕಬ್ಬಿಣದ್ದೋ ಎಂಬುದಲ್ಲ, ಕಾಯಿ ಆರಿಸಿದ್ದೀರಾ, ಒಣಗಿದ್ದೇ ಹಾಕಿದ್ದೀರಾ ಎಂಬುದು. ಸುಕ್ಕಿದ, ಬಣ್ಣಗೆಟ್ಟ, ಮುರಿದ ಕಾಳು ಕೈಯಾರೆ ತೆಗೆದರೆ ವಿಷದ ದೊಡ್ಡ ಪಾಲು ಅದರ ಜೊತೆಗೇ ಹೋಗುತ್ತದೆ. ಎಣ್ಣೆ ತಂದ ಮೇಲೆ ಅಲುಗಾಡಿಸದೆ ಇಟ್ಟು, ತಿಳಿಯನ್ನಷ್ಟೇ ಬಗ್ಗಿಸಿ. ಗಸಿಯನ್ನು "ಸತ್ವ" ಎಂದು ಕಲಕಿ ಬಳಸುವುದು ತಪ್ಪು.

ಹೊಗೆಯದ್ದು ಇನ್ನೊಂದು ಕಥೆ. ಕೊಬ್ಬರಿಯನ್ನೋ ಬೀಜವನ್ನೋ ನೇರ ಬೆಂಕಿಯ ಹೊಗೆಯ ಮೇಲೆ ಒಣಗಿಸಿದರೆ ಬೆಂಜೋ(ಎ)ಪೈರೀನ್ ಸೇರುತ್ತದೆ, ಅದೂ 1ನೇ ಗುಂಪು. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ಚಿಮಣಿ ಗುಡಿಸುವವರಿಗೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದಿದ್ದ. ಆ ಮಸಿಯೊಳಗಿನ ವಸ್ತುಗಳ ಬಳಗದ್ದೇ ಇದು. 2001ರಲ್ಲಿ ಸ್ಪೇನಿನ ಆಲಿವ್ ಹಿಪ್ಪೆಯ ಎಣ್ಣೆಯಲ್ಲಿ ಇದು ಸಿಕ್ಕಿ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬೇಕಾಯಿತು. ಯುರೋಪಿನ ಮಿತಿ ಎಣ್ಣೆಯಲ್ಲಿ ಕಿಲೋಗೆ 2 ಮೈಕ್ರೋಗ್ರಾಂ. ರಿಫೈನರಿಯಲ್ಲಾದರೆ ಸಕ್ರಿಯ ಇದ್ದಿಲು ಇದನ್ನು ಹೀರುತ್ತದೆ. ಗಾಣದ ಎಣ್ಣೆಗೆ ಹೊಗೆಯ ವಾಸನೆ ಇದ್ದರೆ ಅದನ್ನು "ಅಸಲಿ ಪರಿಮಳ" ಎನ್ನಬೇಡಿ.

ಮತ್ತೆ ಮತ್ತೆ ಕಾಯಿಸಿದ ಎಣ್ಣೆ

ಕರಿಯುವ ಎಣ್ಣೆಗೆ ಮೂರು ಕಡೆಯಿಂದ ಪೆಟ್ಟು. ತಿಂಡಿಯ ನೀರು ಅದನ್ನು ಒಡೆಯುತ್ತದೆ, ಗಾಳಿ ಉತ್ಕರ್ಷಿಸುತ್ತದೆ, ಶಾಖ ಒಡೆದ ತುಣುಕುಗಳನ್ನು ಒಂದಕ್ಕೊಂದು ಬೆಸೆದು ಅಂಟು ಮಾಡುತ್ತದೆ. ಬೇಗ ಉತ್ಕರ್ಷಿಸುವ ಲಿನೋಲಿಕ್ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಸೂರ್ಯಕಾಂತಿ, ಸೋಯಾ, ಮೆಕ್ಕೆಜೋಳದ ಎಣ್ಣೆಗಳಲ್ಲಿ ಹೈಡ್ರಾಕ್ಸಿನೋನೆನಾಲ್‌ನಂಥ ಆಲ್ಡಿಹೈಡ್‌ಗಳು ಹೆಚ್ಚು ಹುಟ್ಟುತ್ತವೆ. ಇವು ಪ್ರೋಟೀನಿಗೂ ಡಿಎನ್‌ಎಗೂ ಅಂಟುವಂಥವು.

ಇಲ್ಲಿ ಜನ ಎಡವುವುದು ಹೊಗೆಬಿಂದುವಿನ ಮೇಲೆ, ಅಂದರೆ ಎಣ್ಣೆ ಹೊಗೆಯಾಡತೊಡಗುವ ಶಾಖದ ಮೇಲೆ. ಹೊಗೆಬಿಂದು ಹೇಳುವುದು ಮುಖ್ಯವಾಗಿ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಎಷ್ಟಿದೆ ಎಂದು. ರಿಫೈನ್ ಮಾಡಿದರೆ ಆಮ್ಲ ಹೋಗುತ್ತದೆ, ಹೊಗೆಬಿಂದು ಏರುತ್ತದೆ, ಅಷ್ಟಕ್ಕೆ ಎಣ್ಣೆ ಶಾಖಕ್ಕೆ ಗಟ್ಟಿಯಾಗುವುದಿಲ್ಲ. ಗಟ್ಟಿತನ ಇರುವುದು ಕೊಬ್ಬಿನಾಮ್ಲದ ರಚನೆಯಲ್ಲಿ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ 220 ಡಿಗ್ರಿ ದಾಟುವತನಕ ಹೊಗೆಯಾಡದೆ ಇರಬಹುದು, 180ರಲ್ಲೇ ಆಲ್ಡಿಹೈಡ್ ಮಾತ್ರ ಸದ್ದಿಲ್ಲದೆ ಕಟ್ಟುತ್ತಿರುತ್ತದೆ. ಓಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆ, ಅಥವಾ ತಾಳೆಯಂಥ ಪರ್ಯಾಪ್ತ ಕೊಬ್ಬು ಹೆಚ್ಚಿರುವುದು, ಕರಿಯಲು ಹೆಚ್ಚು ತಾಳಿಕೆಯದ್ದು. ಗ್ಲೈಸಿಡಿಲ್ ಎಸ್ಟರಿನಲ್ಲಿ ಸೋತ ತಾಳೆ ಇಲ್ಲಿ ಗೆಲ್ಲುತ್ತದೆ. ಎಲ್ಲದರಲ್ಲೂ ಗೆಲ್ಲುವ ಎಣ್ಣೆ ಎಂಬುದೊಂದಿಲ್ಲ.

ಎಣ್ಣೆ ಎಷ್ಟು ಕೆಟ್ಟಿದೆ ಎಂದು ಹೋಟೆಲ್ ತಪಾಸಣೆಯಲ್ಲಿ ಅಳೆಯುವುದು ಒಟ್ಟು ಧ್ರುವೀಯ ಸಂಯುಕ್ತಗಳ, ಅಂದರೆ ಎಣ್ಣೆ ಕೆಟ್ಟು ಹುಟ್ಟಿದ ವಸ್ತುಗಳ, ಶೇಕಡಾವಾರು. ಹೊಸ ಎಣ್ಣೆಯಲ್ಲಿ ಅದು ಒಂದಂಕಿಯಲ್ಲಿರುತ್ತದೆ. ನಿಯಮ ಮಾಡಿದ ದೇಶಗಳಲ್ಲಿ 24ರಿಂದ 27 ದಾಟಿದರೆ ಚೆಲ್ಲಬೇಕು. ಬಿಸಿ ಎಣ್ಣೆಯಲ್ಲಿ ಅದ್ದಿ ನೋಡುವ ಮೀಟರ್ ಇವೆ. ದಿನವೂ ಕರಿಯುವ ಅಂಗಡಿಯವರು ಒಂದನ್ನು ಇಟ್ಟುಕೊಳ್ಳುವುದು ನ್ಯಾಯ. ಮನೆಯವರು ಗುರುತುಗಳನ್ನು ನೋಡಬೇಕು. ಬಣ್ಣವನ್ನು ನಂಬಬೇಡಿ, ಹಿಟ್ಟು ಸವರಿದ ತಿಂಡಿ ಒಂದೇ ಸಲಕ್ಕೆ ಎಣ್ಣೆಯನ್ನು ಕಪ್ಪು ಮಾಡುತ್ತದೆ, ತಿಳಿಯಾಗಿ ಕಾಣುವ ಎಣ್ಣೆಯೂ ಒಳಗೆ ಹಾಳಾಗಿರಬಹುದು. ನೊರೆ ನೋಡಿ. ತಿಂಡಿ ತೆಗೆದ ಮೇಲೂ ಸಣ್ಣ ನೊರೆ ಅಂಚಿನಲ್ಲಿ ನಿಂತೇ ಇದ್ದರೆ, 170 ಡಿಗ್ರಿಗೇ ಹೊಗೆ ಎದ್ದರೆ, ಸೌಟಿನಿಂದ ಬಿಟ್ಟಾಗ ಪಾಕದಂತೆ ಎಳೆಯಾಗಿ ಇಳಿದರೆ, ಬಾಣಲೆಯ ಅಂಚಿಗೆ ತಿಕ್ಕಿದರೂ ಹೋಗದ ಕಂದು ಅಂಟು ಕೂತರೆ ಆ ಎಣ್ಣೆ ಮುಗಿಯಿತು.

ಎಷ್ಟು ಸಲ ಬಳಸಬಹುದು ಎಂದು ಕೇಳುವುದಕ್ಕಿಂತ ಎಷ್ಟು ಹೊತ್ತು ಕಾದಿದೆ ಎಂದು ಕೇಳಿ. ಮಧ್ಯೆ ಮಧ್ಯೆ ಆರಿಸಿ ಕಾಯಿಸುವುದು ಒಂದೇ ಸಮನೆ ಕಾಯಿಸುವುದಕ್ಕಿಂತ ಕೆಟ್ಟದ್ದು. ತಣಿಯುವಾಗ ಕಟ್ಟಿದ ಪೆರಾಕ್ಸೈಡ್‌ಗಳು ಮುಂದಿನ ಸಲ ಕಾಯಿಸುವಾಗ ಒಟ್ಟಿಗೆ ಒಡೆಯುತ್ತವೆ. ಕರಿಯಬೇಕಾದದ್ದನ್ನೆಲ್ಲ ಮಧ್ಯೆ ಎಣ್ಣೆ ಆರಲು ಬಿಡದೆ, ಒಂದರ ಹಿಂದೊಂದು ಸರದಿಯಲ್ಲಿ ಕರಿದು ಮುಗಿಸಿ. ಅಗಲದ ಬಾಣಲೆಗಿಂತ ಆಳದ, ಬಾಯಿ ಕಿರಿದಾದ ಪಾತ್ರೆಯಲ್ಲಿ ಗಾಳಿ ತಾಗುವುದು ಕಮ್ಮಿ. ತಾಮ್ರ, ತುಕ್ಕು ಹಿಡಿದ ಕಬ್ಬಿಣ ಬೇಡ, ಆ ಲೋಹಗಳು ಎಣ್ಣೆ ಕೆಡುವುದನ್ನು ಚುರುಕು ಮಾಡುತ್ತವೆ. ಉಪ್ಪನ್ನು ಕರಿದ ಮೇಲೆ, ಪಾತ್ರೆಯಿಂದ ದೂರದಲ್ಲಿ ಉದುರಿಸಿ. ಉಳಿದ ಎಣ್ಣೆ ಕೈ ತಾಳುವಷ್ಟು ಆರಿದ ಮೇಲೆ ಬಟ್ಟೆಯಲ್ಲೋ ಕಾಗದದ ಫಿಲ್ಟರಿನಲ್ಲೋ ಸೋಸಿ, ಕತ್ತು ತುಂಬುವಷ್ಟು ಸಣ್ಣ ಬಾಟಲಿಗೆ ಹಾಕಿ ಕತ್ತಲಲ್ಲಿಡಿ. ಸೋಸಿದರೆ ಕರಕಲು ಹೋಗುತ್ತದೆ, ಧ್ರುವೀಯ ಸಂಯುಕ್ತ ಹೋಗುವುದಿಲ್ಲ. ಹಳೆಯದಕ್ಕೆ ಹೊಸದನ್ನು ಬೆರೆಸುವುದು ಉಳಿತಾಯವೆಂದು ಕಂಡರೂ ಹೊಸ ಎಣ್ಣೆ ಹಳೆಯದರ ಸಹವಾಸದಲ್ಲಿ ಬೇಗ ಕೆಡುತ್ತದೆ.

ಮಾಂಸದ ಮಾತು ಚಿಕ್ಕದಾಗಿ. ಜಪಾನಿನ ತಕಾಶಿ ಸುಗಿಮುರಾ 1977ರ ಸುಮಾರಿಗೆ ಸುಟ್ಟ ಮೀನಿನ ಕರಕಲು ಬ್ಯಾಕ್ಟೀರಿಯಾದ ಡಿಎನ್‌ಎ ಕೆಡಿಸುತ್ತದೆಂದು ತೋರಿಸಿದರು. ಸ್ನಾಯುವಿನಲ್ಲಿರುವ ಕ್ರಿಯಾಟಿನ್, ಅಮೈನೋ ಆಮ್ಲ, ಸಕ್ಕರೆ ಕೂಡಿ 150 ಡಿಗ್ರಿ ಮೇಲೆ ಹೆಟೆರೊಸೈಕ್ಲಿಕ್ ಅಮೀನ್ ಆಗುತ್ತವೆ. ಕ್ರಿಯಾಟಿನ್ ಇಲ್ಲದ ತರಕಾರಿಯಲ್ಲಿ ಇವಿಲ್ಲ. ಸುಡುವ ಮೊದಲು ಒಂದೆರಡು ನಿಮಿಷ ಮೈಕ್ರೋವೇವ್‌ನಲ್ಲಿಟ್ಟು ಬಿಟ್ಟ ರಸ ಚೆಲ್ಲಿದರೆ ಕಚ್ಚಾಸಾಮಗ್ರಿಯ ದೊಡ್ಡ ಪಾಲು ಹೋಗುತ್ತದೆ. ನಿಮಿಷಕ್ಕೊಮ್ಮೆ ಮಗುಚಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಎದ್ದ ಹೊಗೆ ಮತ್ತೆ ಮಾಂಸಕ್ಕೇ ಬೆಂಜೋ(ಎ)ಪೈರೀನ್ ಮೆತ್ತುತ್ತದೆ, ಕೆಂಡವನ್ನು ಪಕ್ಕಕ್ಕೆ ಸರಿಸಿ ಕೆಳಗೊಂದು ತಟ್ಟೆ ಇಡಿ.

ಕೊನೆಯದು, ತಟ್ಟೆಗೆ ಬಾರದೆ ನೇರ ಶ್ವಾಸಕೋಶಕ್ಕೆ ಹೋಗುವುದು. ಹೆಚ್ಚು ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನೇ ಐಎಆರ್‌ಸಿ 2ಎ ಗುಂಪಿಗೆ ಸೇರಿಸಿದೆ; ಸಿಗರೇಟು ಮುಟ್ಟದ ಚೀನೀ ಮಹಿಳೆಯರಲ್ಲಿ ಕಂಡ ಶ್ವಾಸಕೋಶದ ಕ್ಯಾನ್ಸರ್ ಕುರಿತ ಅಧ್ಯಯನಗಳು ಅದಕ್ಕೆ ದಾರಿ ಮಾಡಿದವು. ಕಣ್ಣುರಿಸುವ ಆ ಘಾಟು ಅಕ್ರೋಲಿನ್. ತಿನ್ನುವವರು ಹಲವರಿದ್ದರೂ ಈ ಪಾಲು ಬರುವುದು ಒಲೆಯ ಮುಂದೆ ನಿಂತವರಿಗೆ ಮಾತ್ರ, ಆದರೂ ಎಣ್ಣೆಯ ಚರ್ಚೆಯಲ್ಲಿ ಇದರ ಹೆಸರೇ ಬರುವುದಿಲ್ಲ. ಒಲೆ ಹಚ್ಚುವ ಮೊದಲೇ ಫ್ಯಾನ್ ಹಾಕಿ, ಆರಿಸಿದ ಮೇಲೂ ಹತ್ತು ನಿಮಿಷ ಓಡಲಿ. ಹೊಗೆಯನ್ನು ಹೊರಗೆ ದೂಡದೆ ಜಾಲರಿಯಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುವ ಚಿಮಣಿ ಜಿಡ್ಡನ್ನು ಹಿಡಿಯುತ್ತದೆ, ಅಕ್ರೋಲಿನ್‌ನಂಥ ಅನಿಲವನ್ನು ಹಿಡಿಯಲು ಅದರ ಇದ್ದಿಲಿನ ಫಿಲ್ಟರ್ ಹೊಸದಾಗಿರಬೇಕು. ಕಿಟಕಿ ಇದ್ದರೆ ಫ್ಯಾನಿನ ಎದುರು ದಿಕ್ಕಿನದನ್ನು ತೆರೆಯಿರಿ. ಒಳಗೆ ಗಾಳಿ ಬಾರದಿದ್ದರೆ ಫ್ಯಾನ್ ಹೊರಗೆ ದೂಡುವುದಾದರೂ ಏನನ್ನು?